ಕೊಬ್ಬರಿ ಗೂಡಿಗೆ ಬರೆದ ಚೀಟಿ

ನಾನು ನಿಂತಿದ್ದದ್ದು ನಮ್ಮ ಮನೆಯ ಎದುರಿಗೆ, ಬೀದಿಯ ಆಚೆ ಬದಿಯ ಹೊಂಗೆ ಮರದ ಕೆಳಗೆ. ಬೆಳಗಿನ ಹನ್ನೊಂದು ಗಂಟೆ ಇರಬಹುದು. ಐವತ್ತರ ದಶಕ ಮುಗಿಯುತ್ತ ಬಂದಿತ್ತು, ನಾನು ನಾಲ್ಕನೇ ತರಗತಿಯಲ್ಲಿದ್ದೆ, ಅವರೆಕಾಯಿ ಕಾಲ. ಮರದ ಕೆಳಗಿನಿಂದ ನೋಡಿದರೆ ನಮ್ಮ ತಲೆಬಾಗಿಲು, ನಡುಮನೆ, ಅದರ ಕೊನೆಯ ಗೋಡೆಯಲ್ಲಿದ್ದ ಗೂಡು, ಪಕ್ಕದ ಅಡುಗೆಮನೆ ಬಾಗಿಲು ಎಲ್ಲ ಕಾಣುತ್ತಿತ್ತು. ಮುಂದೆ ಬರೆಯುವುದನ್ನು ನಾನು ಅಲ್ಲಿಂದ ಕಂಡೆ. ಯಾರಿಂದಲೂ ಕೇಳಿದ್ದಲ್ಲ.

ನಮ್ಮೂರು ಚನ್ನರಾಯಪಟ್ಟಣ ತಾಲ್ಲೂಕಿನದು, ದಂಡಿಗನಹಳ್ಳಿಗೆ ಮೂರು ಮೈಲಿ. ಚಾವಡಿಯೇ ಶಾಲೆ. ಆ ದಿನಗಳಲ್ಲಿ ಕಲಿಯುವುದೆಂದರೆ ಏಟು ತಿನ್ನುವುದು. ನನ್ನ ವಯಸ್ಸಿನವರಿಗೆ ಕೋದಂಡ ನೆನಪಿರುತ್ತದೆ: ತೊಲೆಗೆ ಕಟ್ಟಿದ ಹಗ್ಗ ಹಿಡಿದು ಜೋತಾಡಬೇಕು, ಕೈ ಸೋತು ಬಿದ್ದರೆ ಬೆತ್ತ. ಏಳರ ಮಗ್ಗಿ ಬಾರದ ತಪ್ಪಿಗೆ ಶಾಲೆ ಬಿಟ್ಟು ಎಮ್ಮೆ ಮೇಯಿಸಲು ಹೋದವರು ನಮ್ಮೂರಲ್ಲೇ ನಾಲ್ಕೈದು ಮಂದಿ ಇದ್ದರು.

ಆಮೇಲೆ ಹೊಳೆನರಸೀಪುರದ ಕಡೆಯಿಂದ ಕೃಷ್ಣಪ್ಪ ಮೇಷ್ಟ್ರು ಬಂದರು. ಅವರ ಕೈಯ ಕೋಲು ಭೂಪಟದಲ್ಲಿ ಹೇಮಾವತಿಯನ್ನು ತೋರಿಸುವುದಕ್ಕೆ ಮಾತ್ರ. ಅವರು ನಮಗೊಂದು ಆಟ ಕಲಿಸಿದರು. ಒಬ್ಬರು ಗೊಂಬೆ. ಗೊಂಬೆಯ ಕಣ್ಣಿಗೆ ಮೇಷ್ಟ್ರು ತಮ್ಮದೇ ಟವಲು ಕಟ್ಟುತ್ತಿದ್ದರು. ಒಬ್ಬ ಹಿಂದಿನ ದಿನವೇ ಚೀಟಿ ಬರೆದು ತರಬೇಕು: ಇಷ್ಟು ಹೆಜ್ಜೆ ನಡೆ, ಎಡಕ್ಕೆ ತಿರುಗು, ಬಗ್ಗು, ಎತ್ತು. ಇನ್ನೊಬ್ಬ ಗೊಂಬೆಯ ಹಿಂದೆ ನಡೆಯುತ್ತ ಅದನ್ನು ಒಂದೊಂದೇ ಸಾಲು ಓದಬೇಕು. ಗೊಂಬೆ ಓದಿದಷ್ಟನ್ನೇ ಮಾಡಬೇಕು, ಬೇರೆ ಯಾರು ಏನೆಂದರೂ ಅಲುಗಬಾರದು. ಉಳಿದವರು ತುಟಿ ಬಿಚ್ಚುವಂತಿಲ್ಲ. ಚೀಟಿ ಬರೆದವನೊಬ್ಬನಿಗೆ ‘ನಿಲ್ಲು’ ಎನ್ನುವ ಹಕ್ಕಿತ್ತು. ಹಾಗೆ ಅಂದರೆ ಅವನ ಚೀಟಿ ಸೋತಂತೆ. ಮರುದಿನ ತಿದ್ದಿ ತರಬೇಕು.

ಮೊದಲ ದಿನ ನನ್ನ ಚಿಕ್ಕಪ್ಪನ ಮಗ ರಾಮ ಬರೆದ ಚೀಟಿ ಗೊಂಬೆಯನ್ನು ಚಾವಡಿ ಕಂಬಕ್ಕೆ ಡಿಕ್ಕಿ ಹೊಡೆಸಿತು. ನಾವೆಲ್ಲ ನಕ್ಕೆವು. ರಾಮ, ‘ಕಂಬ ಅಡ್ಡ ಬಂತು ಸಾ’ ಅಂದ.

‘ಕಂಬ ಎದ್ದು ಬರ್ಲಿಲ್ಲ ಕಣೋ, ನಿನ್ ಚೀಟಿ ಅದ್ರತ್ರ ಕಳಿಸ್ತು,’ ಅಂದರು ಮೇಷ್ಟ್ರು. ಆಮೇಲೆ ನಮ್ಮ ಕಡೆ ತಿರುಗಿ, ‘ಗೊಂಬೆಗೂ ಬಯ್ಬೇಡಿ, ಬರ್ದೋನ್ಗೂ ಬಯ್ಬೇಡಿ. ಯಾವ ಸಾಲು ತಪ್ಪಿದೆ ನೋಡಿ’ ಅಂದರು.

ಚೀಟಿಯನ್ನು ಅವರು ಮುಂಚೆ ನೋಡುತ್ತಿರಲಿಲ್ಲ. ‘ನಾನೇ ತಿದ್ದಿದರೆ ಕಲಿಯುವವನು ನಾನು, ನೀವಲ್ಲ’ ಎನ್ನುತ್ತಿದ್ದರು. ತಪ್ಪು ಮಾಡುವುದಕ್ಕೆ ಹೆದರದೆ ಕಲಿತದ್ದು ನನ್ನ ಬಾಳಿನಲ್ಲಿ ಆ ನಾಲ್ಕು ತಿಂಗಳು ಮಾತ್ರ. ಈಗ ಮೊಮ್ಮಗಳು ಕಂಪ್ಯೂಟರಿಗೆ ಸಾಲು ಸಾಲಾಗಿ ಆಜ್ಞೆ ಬರೆಯುವುದನ್ನು ಕಲಿಯುತ್ತಾಳೆ. ತಪ್ಪಾದರೆ ಅದು ಯಾವ ಸಾಲೆಂದು ತೋರಿಸಿ ಸುಮ್ಮನಾಗುತ್ತದೆ. ಪಕ್ಕದಲ್ಲಿ ಕೂತು ನೋಡಲು ನನಗೆ ಆಗುವುದಿಲ್ಲ.

ಆ ವರ್ಷ ಊರಾಚೆಯ ಕೇರಿಯಿಂದ ಶಾಲೆಗೆ ಬರುತ್ತಿದ್ದವಳು ಸಿದ್ದಿ ಒಬ್ಬಳೇ. ಮೇಷ್ಟ್ರೇ ಕೇರಿಗೆ ಹೋಗಿ ಅವಳ ತಾಯಿ ಕೆಂಪಮ್ಮನನ್ನು ಒಪ್ಪಿಸಿದ್ದರು. ಕೆಂಪಮ್ಮ ನಮ್ಮ ಹೊಲದಲ್ಲೂ ಕಳೆ ಕೀಳುತ್ತಿದ್ದಳು. ಮಗಳನ್ನು ಚಾವಡಿಗೆ ತಂದು ಬಿಟ್ಟ ದಿನ ಅವಳು ಮೆಟ್ಟಿಲ ಕೆಳಗೇ ನಿಂತು ಒಂದು ಮಾತು ಹೇಳಿದ್ದನ್ನು ನಾವೆಲ್ಲ ಕೇಳಿದ್ದೆವು: ‘ಮಗ ಓದ್ಲಿ ಬುದ್ಧಿ. ಊರೋರ ಕೈಲಿ ಒಂದೇಟು ಬಿದ್ರೂ ಅವತ್ತೇ ಕರ್ಕೊಂಡೋಯ್ತೀನಿ.’ ಮೇಷ್ಟ್ರು ಬೀಳುವುದಿಲ್ಲ ಎಂದು ಮಾತು ಕೊಟ್ಟರು. ಸಿದ್ದಿ ಬೇಗ ಕಲಿತಳು. ಅವರೆ ಹೂ ಬಿಡುವ ಹೊತ್ತಿಗೆ ಹೆಸರು ಬರೆಯುತ್ತಿದ್ದಳು.

ನನಗೆ ಒಂದು ಆಸೆ ಇತ್ತು. ಯಾರ ಚೀಟಿಯೂ ಒಮ್ಮೆಯಾದರೂ ಸೋಲದೆ ಕೊನೆ ಮುಟ್ಟಿರಲಿಲ್ಲ. ನನ್ನದು ಮುಟ್ಟಬೇಕು. ಮರುದಿನ ಗೊಂಬೆಯಾಗುವ ಸರದಿ ರಾಮನ ತಮ್ಮನದು, ನಮ್ಮ ಮನೆಯ ಹುಡುಗ. ಅದಕ್ಕೆ ಚೀಟಿಯನ್ನು ನಮ್ಮ ಮನೆಯೊಳಕ್ಕೇ ಬರೆದೆ. ಚಾವಡಿಯಿಂದ ಅರವತ್ತು ಹೆಜ್ಜೆ, ಎಡಕ್ಕೆ ತಿರುಗು, ಮೂರು ಮೆಟ್ಟಿಲು, ಹೊಸಿಲು, ಹನ್ನೆರಡು ಹೆಜ್ಜೆ, ಬಲಗೈ ಚಾಚು, ಗೂಡಿನಲ್ಲಿರುವ ಕೊಬ್ಬರಿ ತೆಗೆದುಕೋ. ಮತ್ತೆ ಅದೇ ದಾರಿಯಲ್ಲಿ ಹೊರಕ್ಕೆ. ಸಂಜೆ ಮೂರು ಸಲ ಕಣ್ಣು ಮುಚ್ಚಿ ನಡೆದು ಅಳೆದೆ.

ಬೆಳಿಗ್ಗೆ ರಾಮನ ತಮ್ಮನಿಗೆ ಜ್ವರ. ಸರದಿ ಮುಂದಿನವರಿಗೆ ಹೋಯಿತು. ಮುಂದಿನವಳು ಸಿದ್ದಿ. ಮೇಷ್ಟ್ರು ಟವಲು ಕಟ್ಟಿ, ನಮ್ಮನ್ನು ಬೀದಿಗೆ ಬಿಟ್ಟು, ಒಂದನೇ ತರಗತಿಯವರಿಗೆ ಅಕ್ಷರ ತಿದ್ದಿಸಲು ಒಳಗೇ ಉಳಿದರು. ಓದುವವನು ರಾಮ. ನಾನು ಓಡಿಹೋಗಿ ಹೊಂಗೆ ಮರದ ಕೆಳಗೆ ನಿಂತೆ.

ನಿಜ ಹೇಳಬೇಕು. ನನಗೆ ಕಂಡದ್ದು ಸಿದ್ದಿಯಲ್ಲ, ಹೆಜ್ಜೆ. ಅವಳೂ ನನ್ನಷ್ಟೇ ಎತ್ತರ. ಅರವತ್ತನೇ ಹೆಜ್ಜೆಗೆ ಸರಿಯಾಗಿ ನಮ್ಮ ಬಾಗಿಲಿನ ನೇರಕ್ಕೆ ಬಂದಳು. ತಿರುಗಿದಳು. ಹಿಂದೆ ಬರುತ್ತಿದ್ದ ಹುಡುಗರಲ್ಲಿ ಒಬ್ಬ ನನ್ನ ಕಡೆ ಕೈ ಬೀಸಿ, ಬೇಡ ಎನ್ನುವಂತೆ ತಲೆಯಾಡಿಸಿದ. ನನ್ನ ಚೀಟಿ ಸೋಲಿಸಲು ನೋಡುತ್ತಿದ್ದಾನೆ ಎಂದುಕೊಂಡೆ. ರಾಮನ ಕಣ್ಣು ಚೀಟಿಯ ಮೇಲಿತ್ತು. ಮೂರು ಮೆಟ್ಟಿಲು. ಹೊಸಿಲು. ಅವಳು ಒಂದು ಕ್ಷಣ ತಡೆದಳು, ಆಮೇಲೆ ಕಾಲೆತ್ತಿ ದಾಟಿದಳು. ಹನ್ನೆರಡು ಹೆಜ್ಜೆ. ಕೈ ಚಾಚಿದಳು. ಬೆರಳು ಕೊಬ್ಬರಿಯ ಮೇಲೇ ಬಿತ್ತು. ನನಗೆ ಕುಣಿಯುವಷ್ಟು ಸಂತೋಷವಾಯಿತು.

ಅಡುಗೆಮನೆ ಬಾಗಿಲಲ್ಲಿ ಅಜ್ಜಿ ನೆನೆಸಿದ ಅವರೆಕಾಳು ಹಿತುಕುತ್ತ ಕೂತಿದ್ದರು. ತಲೆ ಎತ್ತಿದರು. ಕೂಗಲಿಲ್ಲ, ಆದರೂ ಬೀದಿಯ ಈಚೆಗೆ ಕೇಳಿತು. ‘ಮನೆ ಕೆಟ್ಟೋಯ್ತಲ್ಲಪ್ಪ,’ ಎಂದಷ್ಟೇ ಅಂದರು.

ಕೊಟ್ಟಿಗೆಯಿಂದ ಚಿಕ್ಕಪ್ಪ ಬಂದರು. ಕೈಯಲ್ಲಿ ಬಾರುಕೋಲಿತ್ತು. ಮೊದಲ ಏಟು ಬೆನ್ನಿಗೆ ಬಿತ್ತು. ಸಿದ್ದಿ ಓಡಲಿಲ್ಲ. ಟವಲು ಬಿಚ್ಚಲಿಲ್ಲ. ಮುಂದಿನ ಸಾಲು ಓದುವವರೆಗೆ ಗೊಂಬೆ ಅಲುಗಬಾರದು; ಅವಳು ಅಲುಗಲಿಲ್ಲ. ಎರಡನೇ ಏಟು. ಆಚೆಗ್ ನಡಿಯೇ ಎಂದು ಚಿಕ್ಕಪ್ಪ ಅರಚುತ್ತಿದ್ದರು. ಅದೂ ಓದುವವನ ದನಿಯಲ್ಲ. ಆಗ ರಾಮ, ತನ್ನಪ್ಪನ ಮಗ್ಗುಲಲ್ಲಿ ನಿಂತು, ಅಳುತ್ತ, ಓದಿದ: ‘ಹಿಂದಕ್ಕೆ ತಿರುಗು.’

ತಿರುಗಿದಳು. ‘ಹನ್ನೆರಡು ಹೆಜ್ಜೆ ನಡೆ.’ ನಡೆದಳು. ಆ ಹನ್ನೆರಡು ಹೆಜ್ಜೆಯಲ್ಲಿ ಇನ್ನೂ ಮೂರು ಏಟು ಬಿದ್ದವು. ಹೊಸಿಲು ದಾಟಿದಳು, ಮೂರು ಮೆಟ್ಟಿಲು ಇಳಿದಳು. ಒಂದು ಹೆಜ್ಜೆಯೂ ತಪ್ಪಲಿಲ್ಲ. ನಾನು ಮರದ ಕೆಳಗೇ ಇದ್ದೆ. ಕೊನೆಯವರೆಗೂ ನನ್ನ ಬಾಯಿಂದ ‘ನಿಲ್ಲು’ ಎನ್ನುವ ಆ ಒಂದು ಮಾತು ಬರಲಿಲ್ಲ.

ಗದ್ದಲ ಕೇಳಿ ಮೇಷ್ಟ್ರು ಓಡಿಬಂದು ಟವಲು ಬಿಚ್ಚಿದರು. ಅವಳ ಕೈಯಲ್ಲಿ ಕೊಬ್ಬರಿ ಇನ್ನೂ ಇತ್ತು.

‘ಇದೇನಾ ಮೇಷ್ಟ್ರೇ ನೀವ್ ಕಲಿಸೋದು?’ ಅಂದರು ಚಿಕ್ಕಪ್ಪ.

‘ಅವಳು ತಪ್ಪು ಮಾಡಿಲ್ಲ.’

‘ಮತ್ಯಾರು ಮಾಡಿದ್ದು?’

ಮೇಷ್ಟ್ರು ರಾಮನ ಕೈಯಿಂದ ಚೀಟಿ ತೆಗೆದುಕೊಂಡು ನೋಡಿದರು. ನನ್ನ ಅಕ್ಷರ ಅವರಿಗೆ ಗೊತ್ತು. ತಲೆ ಎತ್ತಿ ನನ್ನನ್ನೂ ನೋಡಿದರು. ಆಮೇಲೆ ಚೀಟಿ ಮಡಚಿ ಜೇಬಿಗಿಟ್ಟುಕೊಂಡು, ‘ನಂದು’ ಅಂದರು. ಬರೆದವನಿಗೆ ಬಯ್ಯಬಾರದು ಎಂಬ ತಮ್ಮ ಮಾತನ್ನು ಅವರು ಆ ಗಳಿಗೆಯಲ್ಲೂ ಉಳಿಸಿಕೊಂಡರು. ಅದು ಕಾದದ್ದು ನನ್ನೊಬ್ಬನನ್ನು.

ಅಂದು ಅಜ್ಜಿ ಒಲೆಯ ಮೇಲಿದ್ದ ಸಾರನ್ನು ತಿಪ್ಪೆಗೆ ಸುರಿಸಿ ನಡುಮನೆಗೆಲ್ಲ ಸಗಣಿ ಸಾರಿಸಿದರು. ನನಗೆ ಯಾರೂ ಒಂದು ಮಾತು ಅನ್ನಲಿಲ್ಲ. ಸಂಜೆಯೇ ಕೆಂಪಮ್ಮ ಬಂದು, ಮೇಷ್ಟ್ರು ಕೊಟ್ಟಿದ್ದ ಸ್ಲೇಟನ್ನು ಚಾವಡಿ ಮೆಟ್ಟಿಲ ಮೇಲಿಟ್ಟಳು. ಮೇಷ್ಟ್ರು ಏನೋ ಹೇಳಹೋದರು. ಅವಳು ಕೇಳಲು ನಿಲ್ಲಲಿಲ್ಲ. ರಾಗಿ ಕಣ ಮುಗಿಯುವ ಮೊದಲೇ ಮೇಷ್ಟ್ರಿಗೆ ವರ್ಗವಾಯಿತು. ತೊಲೆಗೆ ಹಗ್ಗ ಮತ್ತೆ ಬಂತು.

ಸುಮಾರು ಮೂವತ್ತು ವರ್ಷದ ಮೇಲೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಸಿದ್ದಮ್ಮ ಸಿಕ್ಕಳು. ಅವಳೇ ಗುರುತು ಹಿಡಿದಳು. ಹೆಸರು ಬರೆಯುವುದೊಂದನ್ನು ಮರೆತಿಲ್ಲ ಅಂದಳು. ನಾನು ಕೇಳಬಾರದಿತ್ತೇನೋ, ಕೇಳಿದೆ: ಹೊಸಿಲ ಹತ್ತಿರ ತಡೆದೆಯಲ್ಲ, ಗೊತ್ತಾಗಿತ್ತೇ?

‘ಸಾರಿನ ವಾಸ್ನೆ ಬಂತು. ಮನೆ ಅಂತ ಗೊತ್ತಾಯ್ತು,’ ಅಂದಳು. ‘ಚೀಟಿ ಬರ್ದೋರು ನೀವಲ್ವಾ. ಒಳಿಕ್ಕೆ ಕರೀತಾವ್ರೆ ಅಂದ್ಕಂಡೆ.’

ಆ ಬೀದಿಯಲ್ಲಿ ಅಂದು ಇದನ್ನು ಕಂಡವರಲ್ಲಿ ಈಗ ಉಳಿದಿರುವವರು ಇಬ್ಬರು: ಅರಕಲಗೂಡಿನಲ್ಲಿ ಮಗಳ ಮನೆಯಲ್ಲಿರುವ ರಾಮ, ಮತ್ತೆ ನಾನು. ಸಿದ್ದಮ್ಮ ಕೊರವಂಗಲದಲ್ಲಿದ್ದಾಳೆ. ಕಂಡವರ ಜೊತೆ ಅವಳ ಹೆಸರು ಬರೆಯಲಾರೆ. ಅವಳ ಕಣ್ಣು ಕಟ್ಟಿತ್ತು.