ಹಿಂದಿನಿಂದ ನೋಡಿದರೆ ಹುಡುಗ

ಭದ್ರಾವತಿಯ ಕೊಟ್ರಬಸಪ್ಪನನ್ನು ನೀವು ನೋಡಿದ್ದೀರಿ. ಇಲ್ಲ ಅನ್ನಬೇಡಿ. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಸಿನಿಮಾಕ್ಕೆ ಹೋಗಿರುತ್ತೀರಿ. ಹತ್ತು ವರ್ಷದ ಹುಡುಗನೊಬ್ಬ ಕಳ್ಳಸಾಗಣೆಯವರ ಕೈಯಿಂದ ಆನೆಮರಿಯನ್ನು ಬಿಡಿಸಿ, ಬಂಡೆಯ ತುದಿಯಿಂದ ಹೊಳೆಗೆ ಹಾರಿರುತ್ತಾನೆ. ನಿಮ್ಮ ಮಕ್ಕಳು ಸೀಟಿನ ಮೇಲೆ ನಿಂತು ಶಿಳ್ಳೆ ಹೊಡೆದಿರುತ್ತಾರೆ. ಹಾರಿದ್ದು ಆ ಹುಡುಗನಲ್ಲ ಸ್ವಾಮಿ. ಅವನು ಆ ಹೊತ್ತಿನಲ್ಲಿ ಕೊಡೆಯ ಕೆಳಗೆ ಕೂತು ಎಳನೀರು ಕುಡಿಯುತ್ತಿದ್ದ. ಹಾರಿದ್ದು ನಲವತ್ತರ ಹತ್ತಿರದ, ನಾಲ್ಕಡಿ ಎತ್ತರದ ನಮ್ಮ ಕೊಟ್ರಬಸಪ್ಪ.

ಮಕ್ಕಳನ್ನು ಬಂಡೆಯಿಂದ ಹಾರಿಸಿದರೆ ಕೇಸಾಗುತ್ತದೆ. ಕುಳ್ಳನನ್ನು ಹಾರಿಸಿದರೆ ಯಾರೂ ಕೇಳುವುದಿಲ್ಲ. ಹೀರೋನ ಚಡ್ಡಿ, ಹೀರೋನ ಅಂಗಿ, ತಲೆಗೊಂದು ವಿಗ್ಗು ಹಾಕಿ, ಕಾಲಿನ ಕೂದಲು ಬೋಳಿಸಿ, ಕ್ಯಾಮೆರಾವನ್ನು ಬೆನ್ನ ಹಿಂದೆ ಇಟ್ಟರೆ ಮುಗಿಯಿತು. ಅವನಿಗೆ ಎಲ್ಲರೂ ಹೇಳುತ್ತಿದ್ದ ಮಾತು ಒಂದೇ: ಏನೇ ಆದರೂ ಮುಖ ತಿರುಗಿಸಬೇಡ. ಸಿನಿಮಾ ಶುರುವಾಗುವ ಮೊದಲು, ಚಿತ್ರೀಕರಣದಲ್ಲಿ ಯಾವ ಮಗುವಿಗೂ ಪ್ರಾಣಿಗೂ ನೋವಾಗಿಲ್ಲ ಎಂದು ತೆರೆಯ ಮೇಲೆ ಹಾಕುತ್ತಾರಲ್ಲ, ಅದು ನೂರಕ್ಕೆ ನೂರು ನಿಜ. ಕೊಟ್ರಬಸಪ್ಪ ಮಗುವೂ ಅಲ್ಲ, ಪ್ರಾಣಿಯೂ ಅಲ್ಲ.

ಹೊಟ್ಟೆಪಾಡಿಗೆ ಅವನಿಗೆ ಬೇರೆ ದಾರಿ ಇರಲಿಲ್ಲವೇ ಎಂದರೆ, ಇತ್ತು. ಶಿವಮೊಗ್ಗದ ಕಲ್ಯಾಣ ಮಂಟಪಗಳಲ್ಲಿ ರಿಸೆಪ್ಷನ್ ದಿನ ಜೋಕರ್ ವೇಷ ಹಾಕಿ ಬಾಗಿಲಲ್ಲಿ ನಿಲ್ಲಲು ಕರೆದಿದ್ದರು. ಆರ್ಕೆಸ್ಟ್ರಾದವರು, ಹಾಡಿನ ನಡುವೆ ಸ್ಟೇಜಿಗೆ ಬಂದು ಒಂದು ಸಲ ಬಿದ್ದು ಹೋಗು, ಅಷ್ಟು ಸಾಕು ಅಂದಿದ್ದರು. ಇವನು ಎರಡಕ್ಕೂ ಒಲ್ಲೆ ಅಂದ. ಶಾಲೆಯಲ್ಲಿ ಪ್ರಾರ್ಥನೆಗೆ ನಿಂತರೆ ಹುಡುಗರು ನಗುತ್ತಿದ್ದರು. ಅಪ್ಪ ಸತ್ತ ದಿನ ಹೆಣಕ್ಕೆ ಹೆಗಲು ಕೊಡಲು ಹೋದರೆ ಅಲ್ಲೂ ಯಾರೋ ಹಿಂದಿನಿಂದ ಕಿಸಕ್ಕೆಂದಿದ್ದರು. ಉಪವಾಸ ಬಿದ್ದರೂ ಸರಿ, ನಗಿಸುವ ಕೆಲಸ ಮಾತ್ರ ಮಾಡುವುದಿಲ್ಲ ಎಂದು ಅವನು ಅವತ್ತೇ ತೀರ್ಮಾನಿಸಿದ. ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ಹಲಗೆಯ ಮೇಲೆ ನಿಂತು ಲೇತ್ ನಡೆಸುತ್ತಿದ್ದವನನ್ನು, ಶೂಟಿಂಗ್‌ನವರಿಗೆ ವ್ಯಾನು ಓಡಿಸುವ ಆರಿಫ್ ಕರೆದುಕೊಂಡು ಹೋದ. ಮೊದಲ ದಿನ ಮರದಿಂದ ಹಾರಿ ಎದ್ದು ನಿಂತಾಗ ಅಷ್ಟೂ ಜನ ಚಪ್ಪಾಳೆ ತಟ್ಟಿದರು. ಒಬ್ಬನೂ ನಗಲಿಲ್ಲ. ಪಾಪ, ಆ ಚಪ್ಪಾಳೆಗೆ ಮರುಳಾಗಿಬಿಟ್ಟ.

ವರ್ಷಗಟ್ಟಲೆ ಹಾರಿ ಹಾರಿ ಸೊಂಟದ ಕೀಲು ಸವೆದುಹೋಯಿತು. ಇನ್ನೊಂದು ಸಲ ಹಾರಿದರೆ ಆಮೇಲೆ ಕೋಲೇ ಗತಿ ಎಂದರು ಡಾಕ್ಟರು. ಅದೇ ಹೊತ್ತಿಗೆ ಆನೆಮರಿ ಸಿನಿಮಾದವರು ಬಂದರು. ಕೊಟ್ರಬಸಪ್ಪ ಹೋಗಿ ಡೈರೆಕ್ಟರ ಎದುರು ನಿಂತ.

"ಇದೊಂದು ಹಾರ್ತೀನಿ ಸರ್. ಆದ್ರೆ ಒಂದು ಶಾಟಲ್ಲಿ ನನ್ನ ಮುಖ ಬರ್ಬೇಕು. ನಮ್ಮವ್ವ ನೋಡ್ಬೇಕು."

"ಅಷ್ಟೇನಾ? ಕೊಡಾಣ ಬಿಡಿ."

"ಜನ ನಗೋ ಹಂಗಿರಬಾರ್ದು ಸರ್."

"ಛೆ, ಸೀರಿಯಸ್ ಪಾತ್ರ ಕಣ್ರೀ. ಫಾರೆಸ್ಟ್ ವಾಚರ್."

ಹಾರಿದ. ಡಾಕ್ಟರು ಹೇಳಿದಂತೆಯೇ ಆಯಿತು. ಲೇತ್ ಮುಂದೆ ನಿಲ್ಲುವ ಶಕ್ತಿಯೂ ಹೋಯಿತು. ಆದರೂ ಮಾತು ಕೊಟ್ಟಿದ್ದರಲ್ಲ, ಕೋಲೂರಿಕೊಂಡು ಹೋಗಿ ಖಾಕಿ ತೊಟ್ಟು ಕ್ಯಾಮೆರಾ ಎದುರು ನಿಂತ. ದಾರಿ ತಪ್ಪಿ ಬಂದ ಹುಡುಗನ ಕೈಗೆ ಬ್ಯಾಟರಿ ಕೊಟ್ಟು, "ಹೆದರ್ಕೋಬೇಡ ಮಗು. ನಾನಿದೀನಿ," ಎಂದ. ಹೆದರಿಕೆ ಎಂದರೆ ಏನೆಂದು ಗೊತ್ತಿದ್ದವನ ಮಾತು ಅದು. ಇಡೀ ಸೆಟ್ಟಿನಲ್ಲಿ ಒಬ್ಬನೂ ನಗಲಿಲ್ಲ. ಲೈಟ್ ಹಿಡಿದವನೊಬ್ಬ ಕಣ್ಣೊರೆಸಿಕೊಂಡ.

ಡಬ್ಬಿಂಗಿಗೆ, ಅಂದರೆ ಆ ಮಾತಿಗೆ ದನಿ ಕೂಡಿಸಲು, ತನ್ನನ್ನು ಕರೆಯುತ್ತಾರೆ ಎಂದು ಕೊಟ್ರಬಸಪ್ಪ ಕಾದ. ಕರೆ ಬರಲಿಲ್ಲ. "ಅವತ್ತು ಹೇಳಿದ್ದೇ ಚೆನ್ನಾಗಿ ಬಂದಿರುತ್ತೆ ಬಿಡು ಮಾರಾಯ, ಅದನ್ನೇ ಇಟ್ಟಿರ್ತಾರೆ," ಎಂದ ಆರಿಫ್. ಇವನೂ ನಂಬಿದ.

ಸಿನಿಮಾ ಬಂದ ದಿನ ತಾಯಿ ಜಗದಾಂಬಮ್ಮ ಇಳಕಲ್ ಸೀರೆ ಉಟ್ಟಳು. ತಂಗಿ ಸುಮನಾ, ಅವಳ ಗಂಡ, ಪಕ್ಕದ ಮನೆ ಶೇಷಮ್ಮ, ಎಲ್ಲರೂ ಶಿವಮೊಗ್ಗದ ಥಿಯೇಟರಿನಲ್ಲಿ ಒಂದೇ ಸಾಲಿನಲ್ಲಿ ಕೂತರು. ಹುಡುಗ ಹೊಳೆಗೆ ಹಾರಿದಾಗ ಮಕ್ಕಳು ಕಿರುಚಿ ಥಿಯೇಟರನ್ನೇ ಕಿತ್ತುಹಾಕಿದವು. ಕೊಟ್ರಬಸಪ್ಪ ಸೊಂಟ ಹಿಡಿದುಕೊಂಡು ಕೂತಿದ್ದ. ಅವನ ಪಾಲಿನದು ಇನ್ನೂ ಬರಬೇಕಿತ್ತು.

ಬಂತು. ತೆರೆಯ ತುಂಬ ಅವನ ಮುಖ. ಜಗದಾಂಬಮ್ಮ ಮಗನ ಮೊಣಕೈ ಹಿಡಿದಳು. ತೆರೆಯ ಮೇಲಿನ ಮುಖ ಬಾಯಿ ತೆರೆಯಿತು. ಹೊರಗೆ ಬಂದದ್ದು ಬೇರೆ ಯಾರದೋ ದನಿ, ರಬ್ಬರ್ ಗೊಂಬೆ ಅದುಮಿದಂಥ ಕೀಚಲು: "ಹೆದರ್ಕೋಬೇಡ ಮಗು. ನಾನಿದೀನಿ." ಹಿಂದೆಯೇ ಟೊಂಯ್ ಎಂದು ಒಂದು ಸದ್ದು. ಆಮೇಲೆ ಹೀರೋ ಹುಡುಗ ಅವನನ್ನು ಮೇಲಿಂದ ಕೆಳಗೆ ನೋಡಿ ಕೆನ್ನೆ ಉಬ್ಬಿಸಿ ನಗು ತಡೆದುಕೊಂಡ. ಥಿಯೇಟರಿನಲ್ಲಿ ಯಾರೂ ತಡೆದುಕೊಳ್ಳಲಿಲ್ಲ. ಅಪ್ಪಂದಿರು ತೊಡೆ ತಟ್ಟಿ ನಕ್ಕರು, ಮಕ್ಕಳು ಸೀಟಿನಿಂದ ಜಾರಿ ಬಿದ್ದು ನಕ್ಕವು. ಕೊಟ್ರಬಸಪ್ಪ ತಾಯಿಯ ಕಡೆ ತಿರುಗಿದ. ಜಗದಾಂಬಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಉಸಿರು ಕಟ್ಟುವಂತೆ ನಗುತ್ತಿದ್ದಳು.

"ಎಷ್ಟು ಚೆನ್ನಾಗಿ ನಗಿಸ್ತೀಯೋ ಮಗ," ಎಂದಳು. "ಇಷ್ಟು ದಿನ ಎಲ್ಲಿ ಮುಚ್ಚಿಟ್ಟಿದ್ದೆ ಇದನ್ನ?"

ಅವಳದು ತಪ್ಪಲ್ಲ. ಮಗನನ್ನು ನೋಡಿ ಊರು ನಕ್ಕಿದ್ದನ್ನೇ ಜೀವಮಾನವೆಲ್ಲ ನುಂಗಿಕೊಂಡವಳು, ಇವತ್ತು ಮಗನೇ ಬೇಕೆಂದು ಊರನ್ನು ನಗಿಸಿದ ಎಂದುಕೊಂಡಳು. ಅಂಥ ಖುಷಿ ಅವಳ ಮುಖದಲ್ಲಿ ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಹೊರಗೆ ಬಂದು, ಸ್ಕೂಟರ್ ನಿಲ್ಲಿಸುವ ಕಡೆ ಹೋಗಿ, ಕೊಟ್ರಬಸಪ್ಪ ಡೈರೆಕ್ಟರಿಗೆ ಫೋನು ಮಾಡಿದ.

"ನಗೋ ಹಂಗಿರಬಾರ್ದು ಅಂದಿದ್ನಲ್ಲ ಸರ್."

"ಮಕ್ಕಳ ಪಿಕ್ಚರ್ ಕಣ್ರೀ, ಅಲ್ಲಿ ಸ್ವಲ್ಪ ಡಲ್ ಹೊಡೀತಿತ್ತು. ಈಗ ನೋಡಿ, ಎಲ್ಲರಿಗಿಂತ ನಿಮ್ಗೇ ಜಾಸ್ತಿ ನಗು. ಮುಂದಿನ ಪಿಕ್ಚರಲ್ಲಿ ಪೂರ್ತಿ ಕಾಮಿಡಿ ರೋಲ್ ಕೊಡ್ತೀನಿ. ಹಾರೋದೇ ಬೇಡ, ಆಯ್ತಾ?"

ಫೋನು ಇಟ್ಟ. ಹಾರಲು ಸೊಂಟವಿಲ್ಲ, ಲೇತ್‌ಗೆ ಕಾಲಿಲ್ಲ. ಯಾವುದಕ್ಕೆ ಒಲ್ಲೆ ಎಂದು ಮೈಯೆಲ್ಲ ಮುರಿದುಕೊಂಡನೋ, ಉಳಿದಿದ್ದು ಅದೊಂದೇ.

ಸಂಜೆ ಮನೆಯ ತುಂಬ ಜನ. ಜಗದಾಂಬಮ್ಮ ಕೇಸರಿಬಾತು ಮಾಡಿದ್ದಳು. ಬಂದವರಿಗೆಲ್ಲ ಕಥೆ ಹೇಳಿ ಹೇಳಿ ಅವಳ ಗಂಟಲು ಕಟ್ಟಿತ್ತು. ಕೊನೆಗೆ ಮಗನನ್ನು ನಡುಮನೆಗೆ ಕರೆದಳು.

"ಒಂದ್ಸಲ ಹೇಳಪ್ಪ ಕೊಟ್ರೇಶ, ಸಿನಿಮಾದಲ್ಲಿ ಹೇಳಿದ ಹಂಗೇ. ಇವ್ರೂ ಕೇಳ್ಲಿ."

ಅದು ನನ್ನ ದನಿಯಲ್ಲ ಅವ್ವ ಎನ್ನಬಹುದಿತ್ತು. ತಾಯಿಯ ಮುಖ ನೋಡಿದ. ಕೋಲನ್ನು ಗೋಡೆಗೆ ಒರಗಿಸಿ, ಗಂಟಲು ಬಿಗಿದು, ಆ ಕೀಚಲಿನಲ್ಲಿ ಹೇಳಿದ.

"ಸಿನಿಮಾದಲ್ಲಿ ಇನ್ನೂ ಮಜಾ ಇತ್ತು," ಎಂದಳು ಶೇಷಮ್ಮ.

ಕೊಟ್ರಬಸಪ್ಪ ಇನ್ನಷ್ಟು ಕೀಚಲಾಗಿ ಇನ್ನೊಂದು ಸಲ ಹೇಳಿದ. ಈ ಸಲ ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ಅವನವ್ವ ನಕ್ಕಳು.