ಕ್ಯಾಂಟರ್ ನೇಥನ್ ಹಾಡುವುದನ್ನು ಕೇಳಲು ಮೆಲ್ಬರ್ನ್‌ಗೆ

ಆಗಸ್ಟ್ ತಿಂಗಳ ಒಂದು ಗುರುವಾರ ಬೆಳಿಗ್ಗೆ ಎಂಟಕ್ಕೆ ಸ್ವಲ್ಪ ಮುಂಚೆ ಸಿಡ್ನಿಯ ಸೆಂಟ್ರಲ್ ಸ್ಟೇಷನ್ನಿನಿಂದ ಮೆಲ್ಬರ್ನ್ ರೈಲು ಹತ್ತಿದೆ. ವಿಮಾನದಲ್ಲಾದರೆ ಒಂದೂವರೆ ಗಂಟೆ. ರೈಲಿನಲ್ಲಿ ಹನ್ನೊಂದು ಗಂಟೆ, ಹತ್ತಿರ ಹತ್ತಿರ ಸಾವಿರ ಕಿಲೋಮೀಟರು. ಟಿಕೆಟ್ಟಿಗೆ ನೂರು ಡಾಲರಿಗಿಂತ ಸ್ವಲ್ಪ ಹೆಚ್ಚು. ನನಗೆ ಕಿವಿ ಸೋರಿ ವಾಸಿಯಾಗಿ ಎರಡೇ ವಾರವಾಗಿತ್ತು, ವಿಮಾನ ಬೇಡವೆಂದು ಡಾಕ್ಟರು ಹೇಳಿದ್ದರು.

ಸ್ಟೇಷನ್ನಿಗೆ ಬಿಡಲು ಬಂದಿದ್ದ ನಮ್ಮ ಯಜಮಾನರಿಗೆ ಈ ಪ್ರಯಾಣವೇ ಸರಿಬಂದಿರಲಿಲ್ಲ. "ಅಷ್ಟು ದೂರ ಹೋಗ್ಬೇಕೇನೇ? ಆದ್ಮೇಲೆ ಫೋನ್ ಮಾಡಿ ಕೇಳಿದ್ರಾಯ್ತಪ್ಪ."

"ಫೋನಲ್ಲಿ ಏನು ಗೊತ್ತಾಗುತ್ತೆ ರೀ? ಶನಿವಾರ ಅವರು ಫೋನ್ ಮುಟ್ಟಲ್ಲ, ರೆಕಾರ್ಡ್ ಮಾಡೋ ಹಾಗಿಲ್ಲ. ಕೇಳಬೇಕು ಅಂದ್ರೆ ಅಲ್ಲೇ ಕೂತು ಕೇಳಬೇಕು" ಎಂದೆ.

ಕೇಳಬೇಕಾಗಿದ್ದದ್ದು ನೇಥನ್ ಎಂಬುವರ ಹಾಡು. ನಾನು ಮೈಸೂರಿನಲ್ಲಿ ಸ್ಪೀಚ್ ಥೆರಪಿ ಓದಿ ಬಂದವಳು. ಇಪ್ಪತ್ತಾರು ವರ್ಷದಿಂದ ಸಿಡ್ನಿಯಲ್ಲಿ ಅದೇ ಕೆಲಸ, ಈಗ ಎಪ್ಪಿಂಗ್ ಬಡಾವಣೆಯಲ್ಲಿ ಎರಡು ಕೋಣೆಯ ಕ್ಲಿನಿಕ್. ನೇಥನ್ ಯೆಹೂದಿಗಳ ಪ್ರಾರ್ಥನಾಮಂದಿರದಲ್ಲಿ, ಅಂದರೆ ಸಿನಗಾಗ್‌ನಲ್ಲಿ, ಕ್ಯಾಂಟರ್. ರಬ್ಬಿ ಎಂಬ ಹೆಸರು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಅವರು ಧರ್ಮಶಾಸ್ತ್ರ ಬಲ್ಲವರು, ಉಪದೇಶ ಮಾಡುವವರು, ಮದುವೆ ಸಾವುಗಳಲ್ಲಿ ಜೊತೆ ನಿಲ್ಲುವವರು. ಅವರ ಪಕ್ಕದಲ್ಲೇ ಕ್ಯಾಂಟರ್ ಎಂಬ ಇನ್ನೊಬ್ಬರು ಇರುತ್ತಾರೆಂದು ನನಗೂ ತಿಳಿದಿರಲಿಲ್ಲ. ಇಡೀ ಸಭೆಯ ಪ್ರಾರ್ಥನೆಯನ್ನು ಹಾಡಿ ನಡೆಸುವುದು ಅವರ ಕೆಲಸ. ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆವರೆಗೆ ಅವರಿಗೆ ಸಬ್ಬತ್, ಕೆಲಸ ಮಾಡದ, ವಿದ್ಯುತ್ ಉಪಕರಣ ಮುಟ್ಟದ ವಿಶ್ರಾಂತಿಯ ದಿನ; ಸಂಪ್ರದಾಯಸ್ಥರ ಮಂದಿರದಲ್ಲಿ ಅವತ್ತು ಮೈಕ್ ಕೂಡ ಇಲ್ಲ. ಮೂರು ಗಂಟೆ, ಬರೀ ಗಂಟಲು.

ಆ ಗಂಟಲೇ ಕೈಕೊಟ್ಟಿತ್ತು. ಥೈರಾಯ್ಡ್ ಗೆಡ್ಡೆ ತೆಗೆದಾಗ ಅದಕ್ಕೆ ಅಂಟಿಕೊಂಡಿದ್ದ ನರ ಸೋತು, ಎಡಗಡೆಯ ಧ್ವನಿತಂತು ಅಲುಗಾಡದೆ ನಿಂತುಬಿಟ್ಟಿತ್ತು. ಮೊದಲ ಸಲ ಕ್ಲಿನಿಕ್‌ಗೆ ಬಂದಾಗ ಆ ಎತ್ತರದ ಮನುಷ್ಯ ಪಿಸುಗುಟ್ಟುತ್ತಿದ್ದರು. ಅವರ ಹೆಂಡತಿ ಮಿರಿಯಂ ಅದನ್ನು ನನಗೆ ಜೋರಾಗಿ ಹೇಳುತ್ತಿದ್ದಳು. ಪರಸ್ತ್ರೀಯ ಕೈ ಕುಲುಕದ ಪದ್ಧತಿ ಅವರದು. ನಾನು ಕುತ್ತಿಗೆಯ ಸ್ನಾಯು ಒತ್ತಿ ನೋಡಬೇಕು ಅಂದಾಗ ರಬ್ಬಿಯೊಬ್ಬರನ್ನು ಕೇಳಿಕೊಂಡು ಬಂದು, "ಚಿಕಿತ್ಸೆಗೆ ಅಡ್ಡಿಯಿಲ್ಲವಂತೆ" ಎಂದು ಚೀಟಿಯಲ್ಲಿ ಬರೆದು ತೋರಿಸಿದ್ದರು.

ಹದಿಮೂರು ತಿಂಗಳಲ್ಲಿ ಬಲಗಡೆಯ ತಂತು ನಡುಗೆರೆ ದಾಟಿ ಎಡದ್ದನ್ನು ಮುಟ್ಟುವುದನ್ನು ಕಲಿಯಿತು. ಧ್ವನಿ ಬಂತು. ಆದರೆ ಮೂರು ಗಂಟೆ ಹಾಡುವಷ್ಟು ಬಂತೆ? ಸರ್ಜನ್ ಖಚಿತವಾಗಿ ಏನೂ ಹೇಳಲಿಲ್ಲ. ಸಿಡ್ನಿಯಲ್ಲಿ, ತಮ್ಮ ಹಳೆಯ ಧ್ವನಿ ಕೇಳಿದವರ ಮುಂದೆ ನಿಲ್ಲಲು ನೇಥನ್ ಒಪ್ಪಲಿಲ್ಲ. ಆಗ ಅವರ ಜೊತೆ ಓದಿದ್ದ ರಬ್ಬಿ ಸೈಮನ್ ಮೆಲ್ಬರ್ನ್‌ನಿಂದ ಕರೆದರು. ಅಲ್ಲಿನ ಕ್ಯಾಂಟರ್ ನಿವೃತ್ತರಾಗಿದ್ದರು, ಒಂದು ಸಬ್ಬತ್ ನಡೆಸಿಕೊಡಲಿ, ಸರಿಹೋದರೆ ಅಲ್ಲೇ ಇರಲಿ ಎಂದು. ನೇಥನ್ ನನ್ನನ್ನು ಕೇಳಿದರು, "ಹೋಗಲಾ?" ನಾನು "ಹೋಗಿ" ಅಂದೆ.

ಅಂದ ದಿನದಿಂದ ನನಗೆ ನೆಮ್ಮದಿ ಇರಲಿಲ್ಲ. ಕೆಲವು ವರ್ಷಗಳ ಹಿಂದೆ ಚಿಕಿತ್ಸೆಗೆ ಬಂದಿದ್ದ, ನಮ್ಮವರೇ ಆದ ಒಬ್ಬ ಸಂಗೀತದ ಮೇಡಂಗೂ ಹೀಗೇ ಹೇಳಿದ್ದೆ. ಅವರು ಕಛೇರಿಗೆ ಕೂತರು, ಅರ್ಧದಲ್ಲೇ ಧ್ವನಿತಂತುವಿನಲ್ಲಿ ರಕ್ತನಾಳ ಒಡೆಯಿತು. ಆಮೇಲೆ ಅವರು ಪಾಠವನ್ನೇ ನಿಲ್ಲಿಸಿದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಗೌಲ್ಬರ್ನ್ ದಾಟುವಾಗ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಿತ್ತು. ಚಪಾತಿ, ಚಟ್ನಿಪುಡಿ ತಂದಿದ್ದೆ. ರೈಲಿನ ಕ್ಯಾಂಟೀನಿನಲ್ಲಿ ಟೀ ಮಾತ್ರ ತೆಗೆದುಕೊಂಡೆ. ಪಕ್ಕದಲ್ಲಿ, ದಾರಿಯಲ್ಲಿ ಸಿಗುವ ವಾಗಾ ಎಂಬ ಊರಿಗೆ ಹೋಗುತ್ತಿದ್ದ ಹೆಂಗಸು ಕೈಯಲ್ಲಿ ಉಲ್ಲನ್ ಹೆಣೆಯುತ್ತ, ಮೆಲ್ಬರ್ನ್‌ಗೆ ಏಕೆಂದು ಕೇಳಿದಳು.

"ಒಬ್ಬರು ಹಾಡುತ್ತಾರೆ, ಕೇಳೋಕೆ."

"ಭಾರೀ ಫೇಮಸ್ಸಾ?"

"ಇಲ್ಲ. ಧ್ವನಿ ಹೋಗಿತ್ತು, ಈಗ ಬಂದಿದೆ."

ಅವಳು ಸೂಜಿ ನಿಲ್ಲಿಸಿ ನನ್ನನ್ನು ನೋಡಿದಳು. "ಪೂರ್ತಿ ಬಂದಿದೆ ತಾನೆ?" ಎಂದಳು. "ಅದನ್ನೇ ನೋಡೋಕೆ ಹೋಗ್ತಿದೀನಿ" ಎಂದೆ. ವಾಗಾ ಬರುವ ಮೊದಲು ಕಿಟಕಿಯಾಚೆ ಸಾಸಿವೆಯಂಥ ಕನೋಲಾದ ಹೊಲಗಳು ಅಲ್ಲಲ್ಲಿ ಹಳದಿ ತಿರುಗಿದ್ದವು. ಅವಳು ಇಳಿಯುವಾಗ "ಗುಡ್ ಲಕ್" ಎಂದು ನನ್ನ ಭುಜ ತಟ್ಟಿ ಹೋದಳು. ರೈಲು ಅರ್ಧ ಗಂಟೆ ತಡವಾಗಿ ಏಳು ಗಂಟೆಗೆ ಮೆಲ್ಬರ್ನ್ ಸೇರಿತು.

ಕಾಲೇಜಿನ ಗೆಳತಿ ಉಷಾ ಕಾರು ತಂದಿದ್ದಳು. ಅವಳ ಮನೆ ಊರಿನ ಪೂರ್ವದ ಸಬರ್ಬ್ ಒಂದರಲ್ಲಿ. ಬಿಸಿ ಬಿಸಿ ಹುಳಿ ಬಡಿಸುತ್ತ, "ಅಲ್ವೇ ಸುಮಿತ್ರಾ, ನಿನ್ ಪೇಷಂಟ್ ಹಾಡ್ತಾನೆ ಅಂತ ನೀನ್ಯಾಕೆ ಇಷ್ಟೊಂದು ಟೆನ್ಷನ್ ಮಾಡ್ಕೊಂಡಿದೀಯ? ಮುಖ ನೋಡ್ಕೋ, ಎಗ್ಸಾಮ್ ಹಾಲ್ ಮುಂದೆ ನಿಂತಂಗಿದೀಯ" ಎಂದಳು. ಮೇಡಂ ವಿಷಯ ಅವಳಿಗೆ ಹೇಳಿದೆ. ಅವಳು ಇನ್ನೊಂದು ಸೌಟು ಹುಳಿ ಬಡಿಸಿ, "ಸರಿ, ಶನಿವಾರ ನಾನೇ ಡ್ರಾಪ್ ಮಾಡ್ತೀನಿ ಬಿಡು" ಎಂದಳು.

ಶುಕ್ರವಾರ ಮಳೆ, ಮೂಳೆ ಕೊರೆಯುವ ಗಾಳಿ. ಅಲ್ಲಿನ ಟಿಕೆಟ್ಟಾದ ಮೈಕಿ ಕಾರ್ಡ್ ತೋರಿಸಿ ಟ್ರಾಮ್ ಹಿಡಿದು ಮಧ್ಯಾಹ್ನ ಕಾಲ್‌ಫೀಲ್ಡ್ ಬಡಾವಣೆಯ ಕಡೆ ಹೋದೆ. ಸಿನಗಾಗ್‌ನಿಂದ ಐದು ನಿಮಿಷದ ನಡಿಗೆಯಲ್ಲಿ ನೇಥನ್ ದಂಪತಿಗೆ ಒಂದು ಫ್ಲಾಟ್ ಕೊಟ್ಟಿದ್ದರು. ಸಬ್ಬತ್ ದಿನ ಅವರು ವಾಹನ ಹತ್ತುವುದಿಲ್ಲ, ಹಾಗಾಗಿ ಮನೆ ಹತ್ತಿರವೇ ಇರಬೇಕು. ಮಿರಿಯಂ ಬಾಗಿಲು ತೆಗೆದವಳೇ ಒಳಗೆ ಕಣ್ಣು ತೋರಿಸಿದಳು. ನೇಥನ್ ಅಡುಗೆಮನೆಯ ಮೇಜಿನ ಮುಂದೆ ಕೂತು, ನೀರಿನ ಲೋಟಕ್ಕೆ ಸ್ಟ್ರಾ ಹಾಕಿ ಗುಳುಗುಳು ಊದುತ್ತಿದ್ದರು. ಗಂಟಲು ಸಡಿಲಿಸಲು ನಾನೇ ಹೇಳಿಕೊಟ್ಟಿದ್ದ ಅಭ್ಯಾಸ. ಆದರೆ ಗುಳ್ಳೆಗಳು ಸಮನಾಗಿ ಬರದೆ ತಡೆದು ತಡೆದು ಬರುತ್ತಿದ್ದವು.

"ಬೆಳಿಗ್ಗೆಯಿಂದ ಗಂಟಲು ಕಟ್ಟಿದೆ," ಎಂದರು. ಧ್ವನಿಯ ಅಂಚು ಸವೆದ ಹಾಗಿತ್ತು. "ವಾರವೆಲ್ಲ ಜಾಸ್ತಿ ಅಭ್ಯಾಸ ಮಾಡಿಬಿಟ್ಟೆ. ಸೈಮನ್‌ಗೆ ಆಗಲ್ಲ ಅಂತ ಹೇಳಿಬಿಡ್ತೀನಿ."

ಹೇಳಲಿ ಎಂದು ನನ್ನ ಮನಸ್ಸಿನ ಒಂದು ಭಾಗ ಆಸೆಪಟ್ಟಿತು. ಟಾರ್ಚ್ ಹಾಕಿ ನೋಡಿದೆ, ಕುತ್ತಿಗೆ ಮುಟ್ಟಿ ನೋಡಿದೆ, ಬೇರೆ ಬೇರೆ ಸ್ಥಾಯಿಯಲ್ಲಿ "ಆ" ಅನ್ನಿಸಿದೆ. ಊತದ ಲಕ್ಷಣವಿರಲಿಲ್ಲ, ಇದ್ದದ್ದು ದಣಿವು, ಹೆದರಿಕೆ. ಕೆಳಗಿನ ಶ್ರುತಿಯಲ್ಲಿ ಧ್ವನಿ ನೆಟ್ಟಗೆ ನಿಲ್ಲುತ್ತಿತ್ತು, ಮೇಲೆ ಹೋದಾಗ ಭುಜ ಎತ್ತಿ ತಳ್ಳುತ್ತಿದ್ದರು.

"ಶ್ರುತಿ ಇಳಿಸಿಕೊಳ್ಳಿ ಅಂತ ಎಷ್ಟು ಸಲ ಹೇಳಿದೀನಿ?"

"ಅದು ಮುದುಕರ ಶ್ರುತಿ ಸುಮಿತ್ರಾ. ನಾನು ಯಾವತ್ತೂ ಅಲ್ಲಿಂದ ಹಾಡಿಲ್ಲ."

ಅಷ್ಟರಲ್ಲಿ ರಬ್ಬಿ ಸೈಮನ್ ಬಂದರು. ಕುಳ್ಳಗೆ, ದುಂಡಗೆ, ಒದ್ದೆ ಕೋಟಿನ ಮನುಷ್ಯ. ನಾನು ಕೈಮುಗಿದೆ, ಅವರೂ ಮುಗಿದರು. ಕೈ ಕುಲುಕುವ ಮುಜುಗರ ಇಬ್ಬರಿಗೂ ತಪ್ಪಿತು. ನಾನು ನೇರವಾಗಿ ಹೇಳಿದೆ: ಇವತ್ತು ಸಂಜೆಯ ಪ್ರಾರ್ಥನೆ ನೇಥನ್ ನಡೆಸಬಾರದು. ನಾಳೆ ಬೆಳಿಗ್ಗೆವರೆಗೂ ಒಂದು ಮಾತೂ ಆಡಬಾರದು. ಬೆಳಿಗ್ಗೆ ಗಂಟಲು ಹಗುರವಾಗಿದ್ದರೆ ಹಾಡಲಿ, ಇಲ್ಲದಿದ್ದರೆ ಬೇಡ.

"ಸಂಜೆದು ನಾನು ಮಾಡ್ತೀನಿ," ಎಂದರು ರಬ್ಬಿ. "ನಾನು ಹಾಡಿದರೆ ಜನ ಬೇಗ ಮನೆಗೆ ಹೋಗಿ ಊಟ ಮಾಡ್ತಾರೆ. ಯಾರೂ ಬೇಜಾರು ಮಾಡ್ಕೊಳಲ್ಲ." ಆಮೇಲೆ ನೇಥನ್ ಕಡೆ ತಿರುಗಿ ಮೆತ್ತಗೆ ಅಂದರು: "ನಾನು ಜನರ ಕಡೆ ಮುಖ ಮಾಡಿ ಮಾತಾಡ್ತೀನಿ. ನೀನು ಜನರ ಪರವಾಗಿ ದೇವರ ಕಡೆ ಮುಖ ಮಾಡಿ ನಿಲ್ಲೋನು. ಅವನಿಗೆ ನಿನ್ನ ಹಳೇ ಧ್ವನಿಯೂ ಗೊತ್ತು, ಹೊಸದೂ ಗೊತ್ತು. ಅಲ್ಲಿ ಯಾರಿಗೆ ತೋರಿಸಬೇಕು ಹೇಳು?"

ನೇಥನ್ ಏನೋ ಹೇಳಲು ಬಾಯಿ ತೆರೆದರು. ಮಿರಿಯಂ "ಮಾತಾಡಬೇಡಿ" ಎಂದಳು. ಕತ್ತಲಾಗುವ ಮುನ್ನ ಅವಳು ಸಬ್ಬತ್‌ನ ಮೇಣದಬತ್ತಿ ಹಚ್ಚಬೇಕಿತ್ತು, ನಾನು ಹೊರಟೆ. ಸೂರ್ಯ ಮುಳುಗಿದ ಮೇಲೆ ಅವರ ಫೋನ್ ಬಂದ್. ಬೆಳಿಗ್ಗೆ ಗಂಟಲು ಹೇಗಿದೆ ಎಂದು ಕೇಳುವ ದಾರಿಯೇ ಇರಲಿಲ್ಲ.

ಶನಿವಾರ ಉಷಾ ಒಂದು ಬೀದಿ ಆಚೆಯೇ ಕಾರು ನಿಲ್ಲಿಸಿದಳು. ಪೆನ್ನು, ಫೋನು, ಬ್ಯಾಗು ಎಲ್ಲ ಅವಳ ಹತ್ತಿರವೇ ಬಿಟ್ಟೆ. ಒಳಗೆ ಬರೆಯುವಂತಿಲ್ಲ ಎಂದು ಮಿರಿಯಂ ತಿಳಿಸಿದ್ದಳು. ಗೇಟಿನಲ್ಲಿ ಕಾವಲಿನವರು ಹೆಸರು ಕೇಳಿ, ಪಟ್ಟಿಯಲ್ಲಿದೆಯೆಂದು ಖಾತ್ರಿಯಾದ ಮೇಲೆ ಒಳಗೆ ಬಿಟ್ಟರು. ಹೆಂಗಸರಿಗೆ ಮಹಡಿಯ ಮೇಲೆ ಜಾಗ. ಮಿರಿಯಂ ಪಕ್ಕದಲ್ಲಿ ಕೂತೆ. "ಹೇಗಿದೆ?" ಎಂದೆ. "ಗೊತ್ತಿಲ್ಲ. ನೀವು ಹೇಳಿದ ಹಾಗೆ ಒಂದು ಮಾತೂ ಆಡಿಲ್ಲ" ಎಂದಳು.

ಕೆಳಗೆ ಇನ್ನೂರು ಜನರಿರಬಹುದು, ಹೆಗಲ ಮೇಲೆ ಬಿಳಿ ಶಾಲು. ನೇಥನ್ ನಮಗೆ ಬೆನ್ನು ಮಾಡಿ ನಿಂತು ಶುರುಮಾಡಿದರು. ಧ್ವನಿ ಬಂತು, ಆದರೆ ಅದೇ ಹಳೆಯ ಎತ್ತರದ ಶ್ರುತಿ! ನಾನು ಹಾಡು ಕೇಳಲೇ ಇಲ್ಲ, ಭುಜಗಳನ್ನು ನೋಡುತ್ತಿದ್ದೆ. ಒಂದು ಗಂಟೆ ಹೇಗೋ ಕಳೆಯಿತು. ಆಮೇಲೆ ಮುಂದಿನ ಕಪಾಟಿನ ಪರದೆ ಸರಿಸಿ, ಬೆಳ್ಳಿಯ ಗೆಜ್ಜೆ ತೊಡಿಸಿದ ಧರ್ಮಗ್ರಂಥದ ಸುರುಳಿ ಹೊರತೆಗೆದರು. ಅದನ್ನು ಎದೆಗೆ ಒರಗಿಸಿಕೊಂಡು ಕ್ಯಾಂಟರ್ ಮೂರು ಸಾಲು ಹಾಡಬೇಕು. ಅಲ್ಲಿನ ವಾಡಿಕೆಯಂತೆ ಒಂದಕ್ಕಿಂತ ಒಂದು ಮೇಲಿನ ಶ್ರುತಿಯಲ್ಲಿ.

ಮೊದಲನೆಯದು ಆಯಿತು. ಎರಡನೆಯದರ ಕೊನೆಯಲ್ಲಿ ಭುಜ ಏರಿತು, ಧ್ವನಿ ಒಡೆಯಿತು. ಒಣ ಕಡ್ಡಿ ಮುರಿದಂಥ ಶಬ್ದ. ಮಿರಿಯಂ ನನ್ನ ಮಣಿಕಟ್ಟು ಹಿಡಿದಳು. ಜನ ಆ ಸಾಲನ್ನು ಮರುಹಾಡಿ ಮುಗಿಸಿದರು, ಎಲ್ಲ ನಿಶ್ಶಬ್ದವಾಯಿತು. ಸಂಗೀತದ ಮೇಡಂ ತಂಬೂರಿ ಕೆಳಗಿಟ್ಟ ಕ್ಷಣ ನನ್ನ ಕಣ್ಣ ಮುಂದೆ ಬಂತು. ರಬ್ಬಿ ಸೈಮನ್ ಪಕ್ಕದಲ್ಲೇ ನಿಂತಿದ್ದರು, ಅವರೇ ಎತ್ತಿಕೊಳ್ಳಬಹುದಿತ್ತು. ಎತ್ತಿಕೊಳ್ಳಲಿಲ್ಲ, ಕಾದರು.

ನೇಥನ್ ಭುಜ ಕೆಳಗಿಳಿಯಿತು. ಹೊಟ್ಟೆಯಿಂದ ಉಸಿರು ತೆಗೆದುಕೊಂಡದ್ದು ಹಿಂದಿನಿಂದಲೂ ಕಾಣಿಸಿತು. ಮೂರನೆಯ ಸಾಲನ್ನು ಮೇಲಿನಿಂದ ಅಲ್ಲ, ತೀರ ಕೆಳಗಿನಿಂದ ಎತ್ತಿಕೊಂಡರು, ಅವರು ಮುದುಕರದ್ದು ಎಂದಿದ್ದ ಅದೇ ಶ್ರುತಿಯಿಂದ. ತುಂಬಿದ, ದಪ್ಪನೆಯ ಧ್ವನಿ ಆ ಮರದ ಸಭಾಂಗಣದ ಮೂಲೆ ಮೂಲೆಗೂ ನಿಧಾನವಾಗಿ ಹರಡಿತು. ಕೆಳಗಿದ್ದ ಗಂಡಸರು ಸಲೀಸಾಗಿ ದನಿಗೂಡಿಸಿದರು. ಅಲ್ಲಿಯವರೆಗೆ ಆ ಎತ್ತರಕ್ಕೆ ಹತ್ತಲಾರದೆ ಗುನುಗುತ್ತಿದ್ದವರು ಈಗ ಬಾಯಿಬಿಟ್ಟು ಹಾಡಿದರು. ಆಮೇಲಿನ ಎರಡು ಗಂಟೆ ನೇಥನ್ ಆ ಶ್ರುತಿ ಬಿಡಲಿಲ್ಲ. ಯಾವಾಗಲೋ ನಾನು ಭುಜ ನೋಡುವುದನ್ನು ಬಿಟ್ಟು ಹಾಡು ಕೇಳುತ್ತಿದ್ದೆ.

ಪ್ರಾರ್ಥನೆ ಮುಗಿದು ಪಕ್ಕದ ಹಾಲಿನಲ್ಲಿ ತಿಂಡಿ. ಉಪ್ಪುಮೀನು, ಹಿಂದಿನ ದಿನದಿಂದ ಸಣ್ಣ ಉರಿಯಲ್ಲಿ ಬೆಂದ ಹುರುಳಿಕಾಯಿ ಬೀಜ ಮತ್ತು ಮಾಂಸದ ಪಲ್ಯ, ಕೇಕು. ನಾನು ಕೇಕು, ಹಣ್ಣು ತೆಗೆದುಕೊಂಡೆ. ಮಹಡಿಯ ಮೇಲೆ ನಮ್ಮ ಹಿಂದಿನ ಸಾಲಿನಲ್ಲಿದ್ದ ತೊಂಬತ್ತರ ಹತ್ತಿರದ ಅಜ್ಜಿಯೊಬ್ಬರು ಊರುಗೋಲು ಹಿಡಿದು ನೇಥನ್ ಎದುರು ಬಂದು ನಿಂತರು.

"ನನ್ನ ಹಿಯರಿಂಗ್ ಏಡಿನ ಬ್ಯಾಟರಿ ನಿನ್ನೆ ಸಂಜೆಯೇ ಸತ್ತಿದೆ," ಎಂದರು ಗಟ್ಟಿಯಾಗಿ. "ಇವತ್ತು ಬದಲಾಯಿಸೋ ಹಾಗಿಲ್ಲ. ಮೊದಮೊದಲು ನೀನು ಹಾಡಿದ್ದು ಒಂದೂ ಕೇಳಿಸಲಿಲ್ಲ. ಆಮೇಲೆ ಎಲ್ಲ ಕೇಳಿಸ್ತು. ಯಾಕೆ?"

ನೇಥನ್ ನನ್ನನ್ನು ತೋರಿಸಿದರು. ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ವಯಸ್ಸಾದವರಿಗೆ ಮೊದಲು ಹೋಗುವುದು ಎತ್ತರದ ಸ್ವರ ಕೇಳುವ ಶಕ್ತಿ, ಎಂದು ವಿವರಿಸಿದೆ. ಅಜ್ಜಿಗೆ ಅದು ಕೇಳಿಸಲಿಲ್ಲ. ರಬ್ಬಿ ಸೈಮನ್ ತಟ್ಟೆ ಹಿಡಿದುಕೊಂಡೇ ಬಂದು, "ನೋಡಿ ಡಾಕ್ಟರೇ, ಕಮಿಟಿಯಲ್ಲಿ ಅರ್ಧ ಜನಕ್ಕೆ ಕಿವಿ ಮಂದ. ಇವನನ್ನು ಬಿಡೋ ಹಾಗಿಲ್ಲ ನಾವು" ಎಂದರು. ನಾನು ಡಾಕ್ಟರಲ್ಲ ಎಂದು ತಿದ್ದುವಷ್ಟು ವ್ಯವಧಾನ ಆಗ ಯಾರಿಗಿತ್ತು! ಮಿರಿಯಂ ಒಂದು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಎರಡು ತುಂಡು ಕೇಕನ್ನು ಒಂದರ ಹಿಂದೊಂದು ತಿನ್ನುತ್ತಿದ್ದಳು.

ಕಾರಿನಲ್ಲಿ ಉಷಾ ನನ್ನ ಮುಖ ನೋಡಿ, "ಪಾಸಾ?" ಎಂದಳು.

"ಪಾಸು ಕಣೇ."

"ಹಾಗಾದ್ರೆ ದೋಸೆ ತಿನ್ನೋಣ ನಡಿ." ಅವತ್ತು ಮೂರು ಮಸಾಲೆದೋಸೆ ತಿಂದೆ. ಅಷ್ಟು ಹಸಿವೆಯಾಗಿ ತಿಂಗಳಾಗಿತ್ತು.

ಭಾನುವಾರ ಬೆಳಿಗ್ಗೆ ಎಂಟೂವರೆಗೆ ವಾಪಸು ರೈಲು. ಮಳೆ ನಿಂತು ಎಳೆ ಬಿಸಿಲು ಬಿದ್ದಿತ್ತು. ನೇಥನ್, ಮಿರಿಯಂ ಇಬ್ಬರೂ ಪ್ಲಾಟ್‌ಫಾರ್ಮಿಗೆ ಬಂದಿದ್ದರು. ಮಿರಿಯಂ ಒಂದು ಡಬ್ಬಿಯಲ್ಲಿ ಗಸಗಸೆ ಕೇಕು ಕೊಟ್ಟಳು. ಸಿಡ್ನಿಯ ಮನೆ ಖಾಲಿ ಮಾಡಲು ಮುಂದಿನ ತಿಂಗಳು ಬರುವುದಾಗಿ ಹೇಳಿದಳು. ನೇಥನ್‌ಗೆ ನಾನು ಆ ದಿನ ಪೂರ್ತಿ ಮೌನ ಹೇಳಿದ್ದೆ. ಅವರು ಎದೆಯ ಮೇಲೆ ಕೈಯಿಟ್ಟು ತಲೆಬಾಗಿ ಸುಮ್ಮನೆ ನಿಂತಿದ್ದರು.

ನಾನು ಹತ್ತಿ ಬಾಗಿಲ ಬಳಿ ನಿಂತಿದ್ದೆ. ಧ್ವನಿವರ್ಧಕದಲ್ಲಿ ಘೋಷಣೆ, ಪಕ್ಕದ ಪ್ಲಾಟ್‌ಫಾರ್ಮಿನಲ್ಲಿ ಡೀಸೆಲ್ ಇಂಜಿನ್ನಿನ ಗದ್ದಲ, ಗಾಲಿಪೆಟ್ಟಿಗೆಗಳ ಸದ್ದು. ಬಾಗಿಲು ಮುಚ್ಚುವ ಮುನ್ನ ಅದೆಲ್ಲದರ ಮೇಲಿಂದ "ಸುಮಿತ್ರಾ!" ಎಂದು ತುಂಬುಗಂಟಲಿನ ಒಂದು ಕೂಗು ಬಂತು. ಜನ ತಿರುಗಿ ನೋಡಿದರು. ನಾನು ತುಟಿಯ ಮೇಲೆ ಬೆರಳಿಟ್ಟು ಕಣ್ಣು ಕೆಕ್ಕರಿಸಿದೆ. ರೈಲು ಹೊರಟಿತು. ನೇಥನ್ ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದರು, ಮಿರಿಯಂ ಅವರ ತೋಳಿಗೆ ಹೊಡೆಯುತ್ತಿದ್ದಳು. ತಿರುವಿನವರೆಗೂ ಅವರಿಬ್ಬರು ಹಾಗೇ ಕಾಣಿಸುತ್ತಿದ್ದರು.