ತಿಳಿನೀರಿಗೆ ಬೀಗ

ಕೆರೆಯ ದೋಣಿಕಟ್ಟೆಯಲ್ಲಿ ದಿನಗೂಲಿಗೆ ಹುಟ್ಟು ಹಾಕುವ ತಮ್ಮನಿಗೆ ತನ್ನ ಬುದ್ಧಿಯ ಬಗ್ಗೆ ದೊಡ್ಡ ಭ್ರಮೆಯೇನೂ ಇರಲಿಲ್ಲ. ಮನೆಗೆ ಬಂದ ಬುದ್ಧಿಯನ್ನೆಲ್ಲ ಮೊದಲು ಹುಟ್ಟಿದ ಅಕ್ಕ ಬಳಿದುಕೊಂಡು ಹೋದಳು, ತನಗೆ ಉಳಿದದ್ದು ಎರಡು ತೋಳು ಎಂದು ಅವನೇ ಹೇಳಿಕೊಂಡು ನಗುತ್ತಿದ್ದ. ಅಕ್ಕ ಓದಿದ್ದು ಪಾಚಿಯನ್ನು. ಸಂಶೋಧನಾ ಕೇಂದ್ರದಲ್ಲಿ ಕೆಲಸ ಸಿಕ್ಕಿ ಇನ್ನೂ ವರ್ಷ ತುಂಬಿರಲಿಲ್ಲ. ಫ್ರಿಜ್ಜಿನಲ್ಲಿ ಹಾಲಿನ ಪಕ್ಕ ಕೆರೆನೀರಿನ ಬಾಟಲಿ ಕಂಡಾಗಲೆಲ್ಲ ಅಮ್ಮ, "ಬೇರೆಯವರ ಮಕ್ಕಳು ಓದಿ ಕಾರು ತರ್ತಾರೆ, ನೀನು ಕೊಚ್ಚೆ ತರ್ತೀಯಲ್ಲೇ" ಎನ್ನುತ್ತಿದ್ದಳು.

ಆ ಬೇಸಿಗೆ, ಯಾರೋ ಹಸಿರು ಬಣ್ಣದ ಡಬ್ಬಿ ಮಗುಚಿದಂತೆ ಕೆರೆ ಕೆನೆಗಟ್ಟಿತು. ವಿಷದ ಪಾಚಿ, ಯಾರೂ ಇಳಿಯಕೂಡದು ಎಂದಳು ಅಕ್ಕ. ಅವಳು ಹೂಂ ಅನ್ನುವವರೆಗೆ ಕೆರೆ ತೆರೆಯುವಂತಿಲ್ಲ ಎಂದಿತು ಪುರಸಭೆ. ದೋಣಿ ನಿಂತಿತು, ತಮ್ಮನ ಕೂಲಿಯೂ ನಿಂತಿತು. ಅಕ್ಕನ ಎದುರು ಊಟಕ್ಕೆ ಕೂತರೆ ಅವನ ತಟ್ಟೆ ಸ್ವಲ್ಪ ಜೋರಾಗಿಯೇ ಸದ್ದು ಮಾಡುತ್ತಿತ್ತು.

ದೋಣಿಕಟ್ಟೆಯ ಯಜಮಾನರು ಕೈಕಟ್ಟಿ ಕೂರುವ ಆಸಾಮಿಯಲ್ಲ. ಯಾರನ್ನೂ ಕೇಳದೆ ಪಾಚಿ ಕೊಲ್ಲುವ ಪುಡಿ ತರಿಸಿ, ತಮ್ಮನ ಕೈಯಿಂದಲೇ ಕೆರೆಗೆಲ್ಲ ಎರಚಿಸಿದರು. ನೋಡನೋಡುತ್ತಿದ್ದಂತೆ ನೀರು ತಿಳಿಯಾಗಿ ತಳದ ಕಲ್ಲು ಕಂಡಿತು. ಅಕ್ಕ ವರ್ಷಗಟ್ಟಲೆ ಓದಿದ್ದನ್ನು ಒಂದು ಬಕೆಟ್ಟಿನಲ್ಲಿ ಮುಗಿಸಿದೆನೆಂದು ತಮ್ಮ ಎದೆಯುಬ್ಬಿಸಿ ತಿರುಗಿದ.

ಯಜಮಾನರು ಆಗಲೇ ಊರಿಗೆಲ್ಲ ಸಾರಿಸಿದ್ದ ಮಕ್ಕಳ ಈಜುಪಂದ್ಯದ ಹಿಂದಿನ ದಿನ ಅಕ್ಕ ಪರೀಕ್ಷೆಗೆ ಬಂದಳು. ಯಜಮಾನರು ಬೊಗಸೆಯಲ್ಲಿ ನೀರೆತ್ತಿದರು. "ನೋಡಮ್ಮ, ಕನ್ನಡಿ! ಇನ್ನು ಹೂಂ ಅಂದ್ಬಿಡು."

"ಮೊದಲು ಕೈ ತೊಳ್ಕೊಳ್ಳಿ ಸರ್. ನಲ್ಲಿ ನೀರಲ್ಲಿ."

ಅವಳು ಗಾಜಿನ ನಳಿಗೆಯಲ್ಲಿ ನೀರು ತುಂಬಿ ಕಾಗದದ ಪಟ್ಟಿ ಅದ್ದಿದಳು. ಮೂರೂ ತಲೆಗಳು ಬಾಗಿದವು. ಒಂದು ಗೆರೆ ಮೂಡಿತು. ಎಷ್ಟು ಕಾದರೂ ಇನ್ನೊಂದು ಬರಲಿಲ್ಲ.

"ಒಂದೇ ಗೆರೆ! ಕ್ಲೀನ್!" ಎಂದು ತಮ್ಮ ಕುಣಿದು ಯಜಮಾನರನ್ನು ತಬ್ಬಿಕೊಂಡೇಬಿಟ್ಟ.

"ಬಿಡೋ ಅವರನ್ನ," ಎಂದಳು ಅಕ್ಕ. "ಅದು ಪಟ್ಟಿ ಕೆಲಸ ಮಾಡ್ತಿದೆ ಅನ್ನೋ ಗೆರೆ. ನೀರು ಚೆನ್ನಾಗಿದ್ರೆ ಇನ್ನೊಂದು ಮೂಡ್ಬೇಕಿತ್ತು. ವಿಷ ಅದನ್ನ ಮೂಡೋಕೆ ಬಿಟ್ಟಿಲ್ಲ."

"ಪಾಚಿನೇ ಇಲ್ವಲ್ಲಮ್ಮ!"

"ಪಾಚಿ ಸತ್ತಿದೆ. ಅದರ ಹೊಟ್ಟೆಯೊಳಗಿದ್ದ ವಿಷ ಈಗ ನೀರಿಗೆ ಬಂದಿದೆ. ಹಸಿರಿದ್ದಾಗ ಜನ ನೋಡಿ ಹೆದರ್ತಿದ್ರು. ಈಗ ಮಕ್ಕಳು ನಗ್ತಾ ಧುಮುಕ್ತಾರೆ."

ಯಜಮಾನರ ದನಿ ತಣ್ಣಗಾಯಿತು. "ನಿನ್ನ ತಮ್ಮನ ಕೆಲಸ ನನ್ನ ಕೈಯಲ್ಲಿದೆ. ನೆನಪಿರಲಿ."

ಅಕ್ಕ ನಳಿಗೆಗೆ ಮುಚ್ಚಳ ಹಾಕಿ ಚೀಲದಲ್ಲಿಟ್ಟಳು.

"ನೆನಪಿದೆ ಸರ್. ಮಕ್ಕಳಿಗಿಂತ ಮುಂಚೆ ಪಂದ್ಯದ ಹಗ್ಗ ಕಟ್ಟೋಕೆ ನೀರಿಗಿಳಿಯೋನು ಇವನೇ ಅನ್ನೋದೂ ನೆನಪಿದೆ. ಕೆರೆ ತೆರೆಯೋ ಹಾಗಿಲ್ಲ."

ಚಿಕ್ಕಂದಿನಲ್ಲಿ ಜಿರಲೆ ಕಂಡರೆ ಮಂಚ ಹತ್ತುತ್ತಿದ್ದ ಹುಡುಗಿ ಇವಳೇನಾ? ತಮ್ಮ ಹೋಗಿ ದೋಣಿಗಳಿಗೆಲ್ಲ ಸರಪಳಿ ಬಿಗಿದು ಬೀಗ ಜಡಿದ.

"ನಿನಗ್ಯಾರೋ ಹೇಳಿದ್ದು?" ಯಜಮಾನರು ಗದರಿದರು.

"ಮೇಡಂ ಈಗ ತಾನೇ ಹೇಳಿದ್ರಲ್ಲ ಸರ್, ನೀವೂ ಕೇಳಿಸ್ಕೊಂಡ್ರಿ."

ಕೆಲಸ ಹೋಯಿತು. ಆದರೂ ಮರುದಿನ ಬೆಳಿಗ್ಗೆ ಅವನು ಗೇಟಿನ ಮುಂದೆ ನಿಂತು, ಈಜುಡುಪು ತೊಟ್ಟು ಬಂದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ವಾಪಸ್ಸು ಕಳಿಸಿದ.

"ನೀರು ಇಷ್ಟು ಚೆನ್ನಾಗಿದೆ, ವಿಷ ಅಂತ ಯಾರಯ್ಯ ಹೇಳಿದ್ದು?" ಎಂದು ಒಬ್ಬ ತಂದೆ ರೇಗಿದರು.

"ನಮ್ಮಕ್ಕ," ಎಂದ ತಮ್ಮ, ಸಾಲಿನ ಕೊನೆಯವರಿಗೂ ಕೇಳುವಷ್ಟು ಗಟ್ಟಿಯಾಗಿ. "ಪಾಚಿ ಓದಿದ್ದಾಳೆ. ಪುಡಿ ಎರಚಿದ ಬುದ್ಧಿವಂತ ಯಾರು ಅಂತ ಮಾತ್ರ ಕೇಳ್ಬೇಡಿ."